ಪಹಣಿ ಇಲ್ಲದವರ ಹುಲ್ಲು

ಇಸ್ರೊದ ಪುಷ್ಪಕ್ ಚಳ್ಳಕೆರೆಯಲ್ಲಿ ಇಳಿದ ವಿಡಿಯೊ ನೋಡದವರು ನಮ್ಮ ಕ್ಯಾಂಪಸ್ಸಿನಲ್ಲಿ ಯಾರೂ ಇರಲಿಕ್ಕಿಲ್ಲ. 2023ರ ಏಪ್ರಿಲ್ 2ರಂದು ಮೊದಲ ಸಲ, ಆಮೇಲೆ 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ. ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಡುತ್ತೆ, ಅದು ತಾನೇ ದಾರಿ ಸರಿಮಾಡಿಕೊಂಡು ಗಂಟೆಗೆ 320 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ನೆಲ ಮುಟ್ಟುತ್ತೆ, ಪ್ಯಾರಾಚೂಟ್ ಬಿಚ್ಚಿ ನಿಲ್ಲುತ್ತೆ. ಮೂರೂ ಸಲ ಸಕ್ಸಸ್. 'ನಮ್ಮ ದುರ್ಗ' ಅಂತ ಸ್ಟೇಟಸ್ ಹಾಕಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಬೇಡ. ಹೆಮ್ಮೆ ನಮಗೂ ಇದೆ. ಆದರೆ ಆ ವಿಡಿಯೊದ ಹಿನ್ನೆಲೆಯಲ್ಲಿ ಕಾಣುವ ಬಯಲು ಯಾರದ್ದು ಅಂತ ಎಂಜಿನಿಯರಿಂಗ್ ಓದುವ ನಾವು ಒಮ್ಮೆಯಾದರೂ ಕೇಳಬೇಕು. ಅಲ್ಲಿ ಕೆಲಸ ಸಿಗಬೇಕು ಅಂತ ಕನಸು ಕಾಣುವವರೂ ನಾವೇ ತಾನೆ.

ಆ ಬಯಲಿಗೆ ಅಮೃತಮಹಲ್ ಕಾವಲು ಅಂತ ಹೆಸರು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅನ್ನುವ ಇಲಾಖೆ ಇತ್ತು. ಅರಮನೆಗೆ ಹಾಲು-ಬೆಣ್ಣೆ ಕೊಡುವ ದನಗಳ ಇಲಾಖೆ. ಹೈದರ್ ಮತ್ತು ಟಿಪ್ಪು ಕಾಲಕ್ಕೆ ಅದೇ ದನಗಳು ಸೈನ್ಯದ ಫಿರಂಗಿ ಎಳೆದವು, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಆ ದನಗಳು ಮೇಯಲಿ ಅಂತ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ರಾಜರು ಹೋದರೂ ಹುಲ್ಲು ಉಳಿಯಿತು. ಸುತ್ತಲಿನ ಹಳ್ಳಿಯವರು ಕುರಿ, ಮೇಕೆ, ದನ ಮೇಯಿಸಿಕೊಂಡು ಬಂದರು. ಮ್ಯಾಸ ನಾಯಕರ ದೇವರ ಎತ್ತುಗಳು ಮೇಯುವುದೂ ಇಂಥ ಬಯಲಲ್ಲೇ, ಅವನ್ನು ಕಾಯೋಕೆ ಕಿಲಾರಿಗಳು ಅಂತಲೇ ಇದ್ದಾರೆ. ಚಳ್ಳಕೆರೆ ಸೀಮೆಯ ಕರಿ ಕಂಬಳಿ ಗೊತ್ತಲ್ವಾ, ಆ ಉಣ್ಣೆ ಕೂಡ ಈ ಹುಲ್ಲೇ.

2010ರ ಆಸುಪಾಸಿನಲ್ಲಿ ಸರ್ಕಾರ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳನ್ನು ಹಂಚಿತು. ಡಿಆರ್‌ಡಿಒಗೆ 4,290 ಎಕರೆ. ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810. ಐಐಎಸ್‌ಸಿಗೆ 1,500. ಇಸ್ರೊಗೆ 573. ಒಂದು ಖಾಸಗಿ ಸೋಲಾರ್ ಕಂಪನಿಗೂ ಒಂದಿಷ್ಟು. ಗೋಡೆ ಎದ್ದಾಗಲೇ ಎಷ್ಟೋ ಕುರಿಗಾಹಿಗಳಿಗೆ ವಿಷಯ ತಿಳಿದಿದ್ದು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನ ಲಿಯೋ ಸಲ್ಡಾನಾ ಮತ್ತು ಹಳ್ಳಿಯವರು ರಾಷ್ಟ್ರೀಯ ಹಸಿರು ಪೀಠಕ್ಕೆ ಹೋದರು. 2013ರಲ್ಲಿ ಕೆಲಸಕ್ಕೆ ತಡೆ ಸಿಕ್ಕಿತು, 2014ರ ಆಗಸ್ಟ್‌ನಲ್ಲಿ ಅಂತಿಮ ತೀರ್ಪು ಬಂತು, ಷರತ್ತುಗಳ ಜೊತೆ ಯೋಜನೆಗಳು ಮುಂದುವರಿದವು. 2017ರಲ್ಲಿ ರನ್‌ವೇ ಉದ್ಘಾಟನೆಯೂ ಆಯಿತು.

ಇಲ್ಲಿಗೆ ಕಥೆ ಮುಗೀತು ಅಂತ ಅನ್ನಿಸಬಹುದು. ನಮ್ಮ ತಕರಾರು ಇಲ್ಲಿಂದಲೇ ಶುರು.

ಇದೇ ಸೀಮೆಯ ಇನ್ನೆರಡು ಯೋಜನೆ ಪಕ್ಕದಲ್ಲಿಟ್ಟು ನೋಡಿ. ಪಾವಗಡದ ಸೋಲಾರ್ ಪಾರ್ಕ್: 2,050 ಮೆಗಾವಾಟ್, ಸುಮಾರು 13,000 ಎಕರೆ. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ ಸೋಲುತ್ತಿದ್ದವರಿಗೆ ಅದು ಗ್ಯಾರಂಟಿ ಆದಾಯ. ಇನ್ನೊಂದು, ಭದ್ರಾ ಮೇಲ್ದಂಡೆ. ಚಿತ್ರದುರ್ಗಕ್ಕೆ ನೀರು ತರುವ ಆ ಕಾಲುವೆಯ ಕೆಲಸ ಅಜ್ಜಂಪುರದ ಹತ್ತಿರ ಅಬ್ಬಿನಹೊಳಲು ಅನ್ನುವ ಊರಿನಲ್ಲಿ ಪರಿಹಾರದ ತಕರಾರಿನಿಂದ ವರ್ಷಗಟ್ಟಲೆ ನಿಂತಿತ್ತು. ಕೆಲವೇ ಕಿಲೋಮೀಟರ್ ಉದ್ದ ಕೂಡ ಇಲ್ಲದ ತುಂಡು. ಅದಕ್ಕೆ ಇಡೀ ಜಿಲ್ಲೆ ಕಾದು ಕೂತಿತು. ಬೈಯ್ದುಕೊಂಡರೂ ಕಾದಿತು, ಯಾಕಂದ್ರೆ ಆ ರೈತರ ಕೈಯಲ್ಲಿ ಪಹಣಿ ಇತ್ತು.

ಪಹಣಿ ಇದ್ದವರು ಕಾಲುವೆ ನಿಲ್ಲಿಸಬಲ್ಲರು, ಬಾಡಿಗೆ ಕೇಳಬಲ್ಲರು, ಕೋರ್ಟಿನಲ್ಲಿ ದರ ಏರಿಸಿಕೊಳ್ಳಬಲ್ಲರು. ತಲೆಮಾರುಗಳಿಂದ ಕಾವಲಿನಲ್ಲಿ ಕುರಿ ಮೇಯಿಸಿದವರಿಗೆ ಪರಿಹಾರದ ಫೈಲೇ ಇಲ್ಲ. ಅವರ ಹೆಸರು ಯಾವ ಕಾಲಂನಲ್ಲೂ ಇಲ್ಲ. ಪಾವಗಡದಲ್ಲೂ ಅಷ್ಟೇ: ಜಮೀನುದಾರರಿಗೆ ಬಾಡಿಗೆ ಬಂತು, ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ನಮ್ಮ ಪಠ್ಯದಲ್ಲಿ ಸೈಟ್ ಸೆಲೆಕ್ಷನ್ ಅಂತ ಒಂದು ಭಾಗ ಬರುತ್ತಲ್ಲ, ಮಣ್ಣು, ಇಳಿಜಾರು, ರಸ್ತೆ, ಕರೆಂಟು, ಮಾಲೀಕತ್ವ. ಮಾಲೀಕತ್ವದ ಜಾಗದಲ್ಲಿ 'ಸರ್ಕಾರಿ' ಅಂತ ಬರೆದರೆ ಮುಗೀತು, ಜಾಗ ಖಾಲಿ ಅಂತ ಲೆಕ್ಕ. ಮಾಲೀಕರಿಲ್ಲದ ಜಾಗಕ್ಕೂ ಬಳಕೆದಾರರಿರುತ್ತಾರೆ ಅನ್ನುವುದಕ್ಕೆ ಆ ಕೋಷ್ಟಕದಲ್ಲಿ ಒಂದು ಸಾಲೂ ಇಲ್ಲ.

ಕಾನೂನಿನಲ್ಲಿ ಸಾಲು ಇದೆ, ಅದೇ ತಮಾಷೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು ಸಮುದಾಯದ ಹಕ್ಕು ಅಂತ ಒಪ್ಪುತ್ತದೆ, ಅಲೆಮಾರಿ ಕುರಿಗಾಹಿಗಳನ್ನೂ ಸೇರಿಸಿ. ಆದರೆ ಕಾವಲು ಅಂದರೆ ಕಾಡೋ, ಕಂದಾಯ ಭೂಮಿಯೋ ಅನ್ನುವುದರಲ್ಲೇ ಜಗಳ. ಕಾಡು ಅಂತ ಒಪ್ಪಿದರೂ, ಪರಿಶಿಷ್ಟ ಪಂಗಡದಲ್ಲಿರುವ ನಾಯಕರಿಗೆ ಒಂದು ನಿಯಮ, ಪಕ್ಕದ ಹಟ್ಟಿಯ ಕಾಡುಗೊಲ್ಲರಿಗೆ ಇನ್ನೊಂದು. ಗೊಲ್ಲರು 75 ವರ್ಷದಿಂದ ಅಲ್ಲೇ ಇದ್ದೇವೆ ಅಂತ ಸಾಬೀತು ಮಾಡಬೇಕು. ಒಂದೇ ಬಯಲು, ಒಂದೇ ಹುಲ್ಲು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಒತ್ತುವರಿಯಿಂದ ಬಿಡಿಸಿ ಹಳ್ಳಿಗೇ ಕೊಡಿ ಅಂತ ಎಲ್ಲ ರಾಜ್ಯಗಳಿಗೆ ಹೇಳಿತು. ಸರ್ಕಾರವೇ ಹಂಚಿದರೆ ಅದಕ್ಕೆ ಒತ್ತುವರಿ ಅನ್ನಲ್ಲ, ಅಭಿವೃದ್ಧಿ ಅಂತಾರೆ.

ಪಹಣಿ ಇಲ್ಲದ ಇನ್ನೊಬ್ಬರು ಎರೆಭೂತ. ಕೆಲವು ಕಡೆ ಎರ್ಲಡ್ಡು ಅಂತಾರೆ. ಹೆಸರು ಕೇಳಿ ದೆವ್ವ ಅಂದ್ಕೋಬೇಡಿ, ಹಕ್ಕಿ. ಗಂಡು ಹದಿನೈದು ಕಿಲೋ ತೂಗಬಹುದು, ಹಾರುವ ಹಕ್ಕಿಗಳಲ್ಲೇ ಅತಿ ಭಾರದ್ದರಲ್ಲಿ ಒಂದು. ಬಯಲ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ, ಗೂಡಿಲ್ಲ. ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಚಳ್ಳಕೆರೆಯ ಕಾವಲುಗಳೂ ಅದರ ನೆಲೆ ಅನ್ನುವುದು ಹಸಿರು ಪೀಠದ ಮುಂದೆ ಬಂದ ವಾದಗಳಲ್ಲಿ ಒಂದು.

ಇಲ್ಲಿ ಪರಿಸರದ ಪರ ಮಾತಾಡುವವರಿಗೂ ನಾವು ಒಂದು ಮಾತು ಹೇಳಬೇಕು. ಹಕ್ಕಿ ಉಳಿಸೋಕೆ ಬೇಲಿ ಹಾಕಿ ಅಂದರೆ ಕುರಿಗಾಹಿಗೆ ಅದೂ ಇನ್ನೊಂದು ಗೋಡೆಯೇ. ಒಳಗೆ ಡ್ರೋನ್ ಇದ್ದರೇನು, ಎರೆಭೂತ ಇದ್ದರೇನು, ಹೊರಗೆ ನಿಲ್ಲುವವನು ಅವನೇ. ಹೊಲದ ಮಾಲೀಕನ ಕಷ್ಟವೂ ಸುಳ್ಳಲ್ಲ. ಕೃಷ್ಣಮೃಗದ ಹಿಂಡು ಒಂದು ರಾತ್ರಿ ಕಡಲೆ ಹೊಲಕ್ಕೆ ನುಗ್ಗಿದರೆ ಪರಿಹಾರಕ್ಕೆ ಅಲೆಯುವವರು ಬೆಂಗಳೂರಿನ ವನ್ಯಜೀವಿ ಪ್ರೇಮಿಗಳಲ್ಲ. ಇನ್ನು ಗಿಡ ನೆಡುವ ಹುಚ್ಚು. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಮೊದಲು ಎರೆಭೂತ ಇತ್ತು. ಅಲ್ಲಿ ನೀಲಗಿರಿ ನೆಟ್ಟು 'ಹಸಿರು' ಮಾಡಿದರು, ಬಯಲು ಬೇಕಾದ ಹಕ್ಕಿ ಹೋಯಿತು. ವನಮಹೋತ್ಸವದ ದಿನ ನಮ್ಮ ಕಾಲೇಜುಗಳೆಲ್ಲ ಬಸ್ ಮಾಡಿಕೊಂಡು ಬಯಲು ಹುಡುಕಿಕೊಂಡು ಹೋಗ್ತೀವಲ್ಲ, ದಯವಿಟ್ಟು ಮೊದಲು ಅದು ಹುಲ್ಲುಗಾವಲಾ ಅಂತ ವಿಚಾರಿಸೋಣ.

ನೀರಿನ ಮಾತು. ಇದು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಚಂದ್ರವಳ್ಳಿಗೆ ಟ್ರಿಪ್ ಹೋದಾಗ ಎಲ್ಲರೂ ಗುಹೆ ನೋಡಿ ರೀಲ್ಸ್ ಮಾಡ್ತಾರೆ. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ, ಪ್ರಾಕೃತದಲ್ಲಿ. ಡಾ. ಎಂ. ಎಚ್. ಕೃಷ್ಣ ಅವರು ಓದಿದ್ದು. ಕಂಚಿಯ ಪಲ್ಲವರನ್ನೂ ಇನ್ನೆಷ್ಟೋ ರಾಜರನ್ನೂ ಗೆದ್ದ ಪಟ್ಟಿ ಕೊಡುವ ಆ ಶಾಸನ ಬರೆಸಿದ್ದು ಒಂದು ಕೆರೆಯ ನೆಪದಲ್ಲಿ. ಸುಮಾರು 1,700 ವರ್ಷದ ಹಿಂದೆಯೂ ಈ ಊರಲ್ಲಿ ದೊರೆಯೊಬ್ಬ ದೊಡ್ಡಸ್ತಿಕೆ ಹೇಳಿಕೊಳ್ಳಬೇಕಾದರೆ ಕೆರೆ ಕಟ್ಟಿಸಬೇಕಿತ್ತು.

ಈಗ ನಮ್ಮ ದೊಡ್ಡ ಕೆರೆ ಅಂದರೆ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು, 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ನಡುವೆ ಕೆಟ್ಟ ಬರಗಳಲ್ಲಿ ತಳ ಕಂಡು ಹಿರಿಯೂರಿನ ತೆಂಗಿನ ತೋಟಗಳು ನಿಂತಲ್ಲೇ ಒಣಗಿದವು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ಕುಡಿಯುವ ನೀರಿಗೆ ಇದೇ ಆಧಾರ, ಕುದಾಪುರದ ಸಂಸ್ಥೆಗಳಿಗೂ ಇಲ್ಲಿಂದಲೇ ಪೈಪ್‌ಲೈನ್. ಕೆಳಗಿನ ಚಳ್ಳಕೆರೆಯ ಬ್ಯಾರೇಜುಗಳಿಗೆ ನೀರು ಬಿಡಬೇಕು ಅಂದಾಗ ಹಿರಿಯೂರಿನ ರೈತರು ಬೀದಿಗಿಳಿದರು, ಬಿಡದಿದ್ದರೆ ಆ ಕಡೆಯವರು. ಇಬ್ಬರೂ ಅಚ್ಚುಕಟ್ಟು, ಬೋರ್‌ವೆಲ್, ಪಂಪ್‌ಸೆಟ್ ಲೆಕ್ಕ ಹೇಳಿ ಜಗಳ ಆಡಬಲ್ಲರು. ಕುರಿ ನೀರು ಕುಡಿಯುತ್ತಿದ್ದ ಕಾವಲಿನ ಕಟ್ಟೆ ಗೋಡೆಯ ಆಚೆ ಉಳಿದರೆ ಅದು ಯಾವ ಟಿಎಂಸಿ ಲೆಕ್ಕದಲ್ಲೂ ಬರಲ್ಲ.

ಹಾಗಾದರೆ ಡ್ರೋನ್ ಬೇಡವಾ? ಹಾಗೆ ಹೇಳುವಷ್ಟು ಬೆಪ್ಪರಲ್ಲ ನಾವು. ರುಸ್ತುಂ-2 2019ರಲ್ಲಿ ಚಿತ್ರದುರ್ಗ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು, ತಪಸ್ 2023ರಲ್ಲಿ ಹಿರಿಯೂರಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತು. ಇಂಥ ಪರೀಕ್ಷೆಗೆ ಜನ ಕಡಿಮೆ ಇರುವ ದೊಡ್ಡ ಬಯಲು ಬೇಕೇ ಬೇಕು, ಅದು ನಮಗೂ ಅರ್ಥವಾಗುತ್ತೆ. ನಾವು ಕೇಳುವುದು ಸಣ್ಣದು. 4,290 ಎಕರೆಯಲ್ಲಿ ರನ್‌ವೇ, ಹ್ಯಾಂಗರ್, ಲ್ಯಾಬ್ ಎಷ್ಟು ಜಾಗ ತಿನ್ನುತ್ತೆ? ಉಳಿದದ್ದು ಹುಲ್ಲೇ. ಯಾವ ರನ್‌ವೇ ಆದರೂ ಅಕ್ಕಪಕ್ಕದ ಹುಲ್ಲನ್ನು ಕತ್ತರಿಸಿ ಗಿಡ್ಡ ಇಡಲೇಬೇಕು, ಇಲ್ಲದಿದ್ದರೆ ಹಕ್ಕಿ, ಹಾವು, ಬೆಂಕಿ. ಮಳೆಗಾಲ ಮುಗಿದ ಮೇಲೆ ಆ ಹುಲ್ಲು ಕೊಯ್ಯುವ ಹಕ್ಕನ್ನು ಟೆಂಡರ್ ಕರೆಯದೆ, ಸುತ್ತಲಿನ ಪಂಚಾಯಿತಿಗಳಿಗೆ ಪಾಳಿ ಪ್ರಕಾರ ಕೊಡಬಹುದು. ಪಾಸ್ ಕೊಡಲಿ, ಚೆಕ್ ಮಾಡಲಿ, ಫೋನ್ ಗೇಟಿನಲ್ಲೇ ಇಡಿಸಿಕೊಳ್ಳಲಿ. ಐಐಎಸ್‌ಸಿ ಪಾಲಿನ ಜಾಗದಲ್ಲಿ ಅಣುಸ್ಥಾವರದ ಗುಟ್ಟೇನೂ ಇಲ್ಲ, ಅಲ್ಲಿ ಮೊದಲು ಶುರು ಮಾಡಬಹುದು.

ಮತ್ತೆ ನಮ್ಮ ಕಡೆಯಿಂದ ಒಂದು ಕೆಲಸ. ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಸೋಲಾರ್, ವಿಂಡ್‌ಮಿಲ್, ಚೆಕ್ ಡ್ಯಾಮ್ ಅಂತ ಜಾಗ ಗುರುತಿಸುವ ಟೀಮುಗಳು ಪ್ರತಿ ವರ್ಷ ಇರುತ್ತವೆ. ಸ್ಯಾಟಲೈಟ್ ಚಿತ್ರದಲ್ಲಿ ಕಂದು ಬಣ್ಣ ಕಂಡಲ್ಲಿ 'ಪಾಳು ಭೂಮಿ' ಅಂತ ಬರೆಯುವ ಮೊದಲು ಒಂದು ಬೇಸಿಗೆಯಲ್ಲಿ, ಒಂದು ಮಳೆಗಾಲದಲ್ಲಿ, ಎರಡು ಸಲ ಆ ಜಾಗಕ್ಕೆ ಹೋಗಿ ಬರೋಣ. ಬೆಳಿಗ್ಗೆ ಏಳಕ್ಕೆ ಹೋಗಿ. ಹತ್ತರ ಹೊತ್ತಿಗೆ ಕುರಿ ದೂರ ಹೋಗಿಬಿಟ್ಟಿರುತ್ತವೆ.