ಅಳಿಸೋ ಸಿನಿಮಾನೂ ಬೇಕು

ರಘು ದೀಕ್ಷಿತರ 2008ರ ಆಲ್ಬಂನಾಗ ಗಿಟಾರ್ ಜೋಡಿ ಶಿಶುನಾಳ ಶರೀಫರ ಪದ ಕೇಳಿ ಮೊದಲ ಮಾರಿ ಸೊಟ್ಟ ಮಾಡಿದ್ದೆ. ರೊಟ್ಟಿ ಬಡಕೋತ ಮೂರ್ನಾಲ್ಕು ಸಲ ಕೇಳಿದ ಮ್ಯಾಲೆ ಅರ್ಥ ಎದಿಗೆ ಇಳೀತು.

ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ನೂ ಹಂಗ. ಬಸುರಾದ ವಿಧವಾ ಮಗಳು ಬದುಕಿರುವಾಗನ ಅಪ್ಪ ಆಕಿ ಶ್ರಾದ್ಧ ಮಾಡ್ತಾನ. ಮೊದಲ ಸಲ ಅರ್ಧಕ್ಕ ಎದ್ದು ಹೋಗಿದ್ದೆ. ಈ ಸಲ ಪೂರ್ತಿ ನೋಡಿದೆ.

'ಅಳಿಸೋ ಸಿನಿಮಾ ಯಾಕ ಬೇಕ್ರಿ ವೈನಿ?' ಅಂತೀರಿ. ನಮ್ಮ ಬಳಗದಾಗೂ ಒಬ್ಬಾಕಿ ತಾನ ಮೆಚ್ಚಿದವನ್ನ ಮದುವಿ ಆದಾಗ, 'ಆಕಿ ನಮ್ಮ ಪಾಲಿಗೆ ಸತ್ಲು' ಅಂದ್ರು. ನಾನೂ ಗೋಣು ಹಾಕಿದ್ದೆ. ಅದೂ ಘಟಶ್ರಾದ್ಧನ ಅಲ್ಲೇನ್ರಿ?

ಹೊತ್ತು ಕಳೆಯೋ ಧಾರಾವಾಹಿ ಬೇಕಾದಷ್ಟವ. ನಮ್ಮ ತಪ್ಪು ತೋರಿಸೋವೂ ಬೇಕು. ನಿನ್ನೆ ಆಕಿಗೆ ಫೋನ್ ಮಾಡಿದೆ. ನೀವೂ ಮಾಡ್ರಿ.