ಓಡಿಸುವ ಮೊದಲು ನಿಲ್ಲಿಸುವುದನ್ನು ಕಲಿಯಬೇಕು

ತೋಟದ ಮೂಲೆಯಲ್ಲಿ ಹಿರಿಯರ ಕಾಲದ ಚೈನು ಟ್ರ್ಯಾಕ್ಟರೊಂದು ತುಕ್ಕು ಹಿಡಿದು ನಿಂತಿದ್ದರೆ, ಮನೆಯವರಲ್ಲಿ ಎರಡು ಅಭಿಪ್ರಾಯಗಳು ಹುಟ್ಟುವುದು ಸಹಜ. ಶಿವಾಜಿನಗರದ ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿಬಿಡೋಣವೆಂದು ಕೆಲವರು. ರಿಪೇರಿ ಮಾಡಿ ಓಡಿಸೋಣವೆಂದು ಕೆಲವರು. ಎರಡನೆಯ ಪಕ್ಷದ ವಾಚಕರಿಗಾಗಿ ಈ ತಿಂಗಳು ನಾವು ನಾಲ್ಕು ಮಾತು ಬರೆಯುತ್ತೇವೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಜೌಗು ಹೊಲಗಳಲ್ಲಿ ಭಾರವಾದ ಯಂತ್ರಗಳ ಚಕ್ರಗಳು ಹೂತುಹೋಗುತ್ತಿದ್ದುದನ್ನು ಕಂಡು, ಬೆಂಜಮಿನ್ ಹೋಲ್ಟ್ ಎಂಬವನು 1904ರಲ್ಲಿ ಚಕ್ರದ ಸ್ಥಾನದಲ್ಲಿ ಅಗಲವಾದ ಪಟ್ಟಿಗಳನ್ನು ಹೂಡಿ ಪರೀಕ್ಷಿಸಿದನು. ಭಾರವು ವಿಶಾಲವಾಗಿ ಹಂಚಿಹೋದುದರಿಂದ ಯಂತ್ರವು ಹೂಳಲಿಲ್ಲ. ನಮ್ಮ ನಗರದ ಪೂರ್ವಭಾಗಕ್ಕೂ ಈ ಯಂತ್ರ ಹೊಸದಲ್ಲ. ಹಲಸೂರು ಕೆರೆಯ ದಂಡೆಯಲ್ಲಿ ನೆಲೆಸಿರುವ ಮದ್ರಾಸ್ ಸ್ಯಾಪರ್ಸ್ ದಳದವರಿಗೆ ರಸ್ತೆ ಸೇತುವೆಗಳ ನಿರ್ಮಾಣವೇ ಕಸುಬು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಇಂದಿರಾನಗರದ ನೆರೆಯ ತಿಪ್ಪಸಂದ್ರದಲ್ಲಿ ರೈಲುಗಾಡಿಗಳನ್ನೂ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಜಪಾನಿನ ಕೊಮಾಟ್ಸು ಕಂಪೆನಿಯ ಸಹಕಾರದಿಂದ ಡೋಜರುಗಳನ್ನೂ ತಯಾರಿಸಿತು. ಕೆ. ಆರ್. ಪುರದ ಆಚೆಗೆ ಕೆರೆಕಟ್ಟೆಯ ಮಣ್ಣೆತ್ತಿ ದುಡಿದು ಮುದಿಯಾದ ಯಂತ್ರವನ್ನು ಇಂದು ಯಾರಾದರೂ ಎಬ್ಬಿಸಲೆಳಸಿದರೆ ಆಶ್ಚರ್ಯವಿಲ್ಲ.

ಹಣ ಹಾಕುವ ಮೊದಲು ಎಂಜಿನ್ನನ್ನಲ್ಲ, ಚೈನನ್ನು ನೋಡತಕ್ಕದ್ದು. ಚೈನಿನ ಪಿನ್ನುಗಳು, ಬುಷ್ಷುಗಳು, ಕೆಳಗಿನ ರೋಲರುಗಳು, ಹಲ್ಲುಚಕ್ರ ಇವೆಲ್ಲ ಸವೆದಿದ್ದರೆ, ಎಂಜಿನ್ನಿನ ರಿಪೇರಿಗಿಂತ ಅವುಗಳ ವೆಚ್ಚವೇ ಮಿಗಿಲಾಗಬಹುದು. ಹಲ್ಲುಗಳು ಚೂಪಾಗಿ ಕೊಕ್ಕಿನಂತೆ ಬಾಗಿದ್ದರೆ ಗುಜರಿಯವನ ಮಾತನ್ನೂ ಕೇಳುವುದು ವಿವೇಕ. ಚೈನನ್ನು ಬಿಗಿಹಿಡಿದಿರುವ ಮುಂಭಾಗದ ದೊಡ್ಡ ಸ್ಪ್ರಿಂಗು ಟನ್ನುಗಟ್ಟಲೆ ಒತ್ತಡದಲ್ಲಿ ಅಡಗಿರುವುದು. ಅದರ ಬೋಲ್ಟನ್ನು ಬಿಚ್ಚಿದವನ ಪ್ರಾಣಕ್ಕೆ ಅಪಾಯ. ತಕ್ಕ ಸಾಧನಗಳುಳ್ಳ ಕಸುಬುದಾರನ ಹೊರತು ಅದನ್ನು ಮತ್ತಾರೂ ಮುಟ್ಟಕೂಡದು.

ಇನ್ನು ಎಂಜಿನ್. ತಳದ ಎಣ್ಣೆಪಾತ್ರೆಯ ಬಿರಡೆಯನ್ನು ಮೆಲ್ಲನೆ ಸಡಿಲಿಸಿರಿ. ನೀರು ಎಣ್ಣೆಗಿಂತ ಭಾರವಾದುದರಿಂದ, ಇದ್ದರೆ ಮೊದಲು ಅದೇ ಹೊರಬರುವುದು. ಆ ನೀರು ತೆರೆದ ಹೊಗೆಕೊಳವೆಯಿಂದ ಇಳಿದ ಮಳೆಯದೋ, ಒಳಗಿನ ಬಿರುಕಿನದೋ ಎಂಬುದನ್ನು ತಿಳಿಯಲು, ಹಳೆಯ ಎಣ್ಣೆಯನ್ನೆಲ್ಲ ಬಸಿದು, ರೇಡಿಯೇಟರನ್ನು ತುಂಬಿ, ಒಂದು ರಾತ್ರಿ ಬಿಟ್ಟು, ಮುಂಜಾನೆ ಬಿರಡೆಯನ್ನು ಮತ್ತೆ ತೆಗೆದು ನೋಡಬೇಕು. ಪುನಃ ನೀರು ಬಂದರೆ ಒಳಗೆ ಸೋರಿಕೆಯುಂಟೆಂದೇ ಅರ್ಥ. ಕಚ್ಚಿಕೊಂಡಿರುವ ಎಂಜಿನ್ನನ್ನು ಬೇರೆ ಗಾಡಿಗೆ ಕಟ್ಟಿ ಎಳೆಸುವುದು ಕೇವಲ ಅವಿವೇಕ. ನಾಜಲ್‌ಗಳನ್ನು ಕಳಚಿ, ಸಿಲಿಂಡರುಗಳಿಗೆ ತೆಳ್ಳನೆಯ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಕೈಯಿಂದ ಅಷ್ಟಷ್ಟೇ ತಿರುಗಿಸುವುದೇ ಸರಿಯಾದ ಮಾರ್ಗ.

ಎಂಜಿನ್ ತಿರುಗಿದೊಡನೆ ಚಾಲೂ ಮಾಡುವ ಆತುರ ಬರುವುದು. ಹೆಚ್ಚಿನ ಅನಾಹುತಗಳಿಗೆ ಕಾರಣ ಈ ಆತುರವೇ. ಮೂಗುದಾರವಿಲ್ಲದ ಹೋರಿಯನ್ನು ಕಣದಲ್ಲಿ ಬಿಟ್ಟಂತಾಗಬಾರದೆಂದಿದ್ದರೆ ಮೊದಲು ಮೂರನ್ನು ಪರೀಕ್ಷಿಸಬೇಕು.

ಮೊದಲನೆಯದು ಡೀಸೆಲ್ ಪಂಪು. ಡೀಸೆಲ್ಲಿನ ಪ್ರಮಾಣವನ್ನು ಹೆಚ್ಚು ಕಡಮೆ ಮಾಡುವ ಒಳಗಿನ ಸರಳು ತುಕ್ಕಿನಿಂದ ತೆರೆದ ಸ್ಥಿತಿಯಲ್ಲಿಯೇ ಕಚ್ಚಿಕೊಂಡಿದ್ದರೆ, ಎಂಜಿನ್ನಿನ ವೇಗವು ಮಿತಿಮೀರಿ ಏರುತ್ತ ಹೋಗಿ ಯಂತ್ರವೇ ಒಡೆಯಬಹುದು; ನಿಲ್ಲಿಸುವ ಹಿಡಿಯನ್ನು ಎಳೆದರೂ ಪ್ರಯೋಜನವಾಗದು. ಸರಳು ಸರಾಗವಾಗಿ ಜಾರುವುದನ್ನು ಕಣ್ಣಾರೆ ಕಂಡ ಮೇಲೂ, ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಮುಚ್ಚುವಷ್ಟು ಅಗಲದ ಗಟ್ಟಿ ಹಲಗೆಯನ್ನು ಹತ್ತಿರವಿಟ್ಟುಕೊಳ್ಳಬೇಕು. ಗಾಳಿ ನಿಂತರೆ ಎಂಜಿನ್ ನಿಲ್ಲುವುದು. ಅಂಗೈಯನ್ನಾಗಲಿ ಬಟ್ಟೆಯನ್ನಾಗಲಿ ಅಲ್ಲಿಗೆ ಒಡ್ಡಲಾಗದು.

ಎರಡನೆಯದು ಮುಖ್ಯ ಕ್ಲಚ್ಚು. ಅದು ಬಿಟ್ಟುಕೊಳ್ಳದಿದ್ದರೆ ಗೇರು ಹಾಕಿದ ಕ್ಷಣವೇ ಯಂತ್ರ ಮುನ್ನುಗ್ಗುವುದು.

ಮೂರನೆಯದು ತಿರುಗಿಸುವ ಕ್ಲಚ್ಚುಗಳು. ಈ ಯಂತ್ರಕ್ಕೆ ಸ್ಟಿಯರಿಂಗ್ ಚಕ್ರವಿಲ್ಲ. ಬಲಗಡೆಯ ಹಿಡಿಯನ್ನು ಎಳೆದರೆ ಬಲದ ಚೈನಿಗೆ ಶಕ್ತಿ ತಪ್ಪಿ, ಎಡದ ಚೈನು ಮಾತ್ರ ನೂಕುವುದರಿಂದ ಯಂತ್ರವು ಬಲಕ್ಕೆ ಹೊರಳುತ್ತದೆ. ಬಹುಕಾಲ ನಿಂತ ಯಂತ್ರದಲ್ಲಿ ಈ ಕ್ಲಚ್ಚಿನ ತಟ್ಟೆಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿರುವುದುಂಟು. ಆಗ ಹಿಡಿಯನ್ನು ಎಷ್ಟು ಎಳೆದರೂ ಯಂತ್ರ ನೇರವಾಗಿಯೇ ಸಾಗುವುದು, ಎದುರಿಗೆ ಗೋಡೆಯಿರಲಿ, ಮಗುವಿರಲಿ! ಆದುದರಿಂದ ಮೊದಲ ಪ್ರಯೋಗವನ್ನು ಮಟ್ಟಸವಾದ ಬಯಲಿನಲ್ಲಿ, ಅತಿ ಕಡಮೆ ಗೇರಿನಲ್ಲಿ, ಜನರನ್ನು ದೂರ ನಿಲ್ಲಿಸಿಯೇ ನಡೆಸತಕ್ಕದ್ದು. ಇಳಿಜಾರಿನಲ್ಲಿ ಎಂಜಿನ್ ಯಂತ್ರವನ್ನು ಹಿಂದಕ್ಕೆ ಹಿಡಿದಿರುವಾಗ ಕ್ಲಚ್ಚು ಬಿಟ್ಟ ಪಕ್ಕವೇ ಮುಂದೋಡುವುದರಿಂದ, ಯಂತ್ರವು ಎಳೆದ ದಿಕ್ಕಿಗೆ ವಿರುದ್ಧವಾಗಿ ತಿರುಗುವುದೆಂಬುದನ್ನೂ ಚಾಲಕನು ಅರಿತಿರಬೇಕು.

ಇಷ್ಟಾದ ಮೇಲೆ ಎಂಜಿನ್ ಹೊರಟಾಗ ಹೊಗೆಯ ಬಣ್ಣವನ್ನು ಗಮನಿಸಿರಿ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಅಧಿಕ. ನೀಲಿಯಾದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಬೆಚ್ಚಗಾದ ಮೇಲೂ ಬಿಳಿಯಾಗಿಯೇ ಉಳಿದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ನೀರು ಸೇರುತ್ತಿದೆ. ಹೊರಟ ಎಂಜಿನ್ ಸ್ವಲ್ಪ ಹೊತ್ತಿಗೆ ತಾನಾಗಿ ನಿಂತರೆ, ಕೊಳವೆಯಲ್ಲಿ ಗಾಳಿ ಸೇರಿದೆಯೇ, ಫಿಲ್ಟರು ಕಟ್ಟಿದೆಯೇ ಎಂದು ನೋಡದೆ ಪಂಪನ್ನು ಬಿಚ್ಚಬೇಡಿರಿ.

ಹಿರಿಯರ ಯಂತ್ರವನ್ನು ಮತ್ತೆ ಓಡಿಸುವುದು ಸಂತೋಷದ ಸಂಗತಿಯೇ ಸರಿ. ನೆರೆಹೊರೆಯವರನ್ನು ಕರೆದು ತೋರಿಸುವ ದಿನವನ್ನು ಮಾತ್ರ, ಅದು ಹೇಳಿದೊಡನೆ ನಿಲ್ಲುವುದೆಂದು ಹತ್ತಾರು ಸಲ ನೋಡಿಕೊಂಡ ಮೇಲೆ ಗೊತ್ತುಮಾಡಿರಿ.