ಗೀಸರ್ ಆರಿದರೆ ಪೈಪನ್ನು ನೋಡಿ

“ಸಾರ್, ನಾನು ಸ್ನಾನ ಮಾಡುತ್ತಿರುವಾಗ ಅಮ್ಮ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಸಾಕು, ಗ್ಯಾಸ್ ಗೀಸರ್ ಆರಿಹೋಗುತ್ತದೆ. ಯಾಕೆ?”

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೊನ್ನೆ ಕೇಳಿದ ಪ್ರಶ್ನೆ ಇದು. ಅವಳ ತಂದೆ ಹೊಸ ಗೀಸರ್ ಕೊಳ್ಳುವ ಯೋಚನೆಯಲ್ಲಿದ್ದರಂತೆ. “ಸ್ವಲ್ಪ ತಡೆಯಲು ಹೇಳಮ್ಮ” ಎಂದೆ.

ಗ್ಯಾಸ್ ಗೀಸರಿನಲ್ಲಿ ಬಿಸಿನೀರು ಕೂಡಿಡುವ ತೊಟ್ಟಿ ಇರುವುದಿಲ್ಲ. ಸುರುಳಿಯಲ್ಲಿ ಹರಿಯುತ್ತಿರುವಾಗಲೇ ನೀರು ಕಾಯಬೇಕು. ನೀರಿಲ್ಲದೆ ಉರಿ ಹತ್ತಿದರೆ ಸುರುಳಿ ಸುಟ್ಟುಹೋದೀತು. ಅದಕ್ಕಾಗಿ ಒಳಗೆ ರಬ್ಬರಿನ ಪೊರೆಯೊಂದು ಕಾವಲಿಗಿದೆ. ಕಿರಿದಾದ ಕಂಡಿಯಲ್ಲಿ ನೀರು ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ ತತ್ವವೇ ಇದು. ಪೊರೆಯ ಎರಡು ಬದಿಗಳ ಒತ್ತಡದಲ್ಲಿ ವ್ಯತ್ಯಾಸ ಉಂಟಾಗಿ ಪೊರೆ ಸರಿಯುತ್ತದೆ; ಅದಕ್ಕೆ ತಾಗಿದ ಕಡ್ಡಿ ಗ್ಯಾಸಿನ ದಾರಿ ತೆರೆಯುತ್ತದೆ; ಬ್ಯಾಟರಿಯ ಕಿಡಿ ಉರಿ ಹೊತ್ತಿಸುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಎರಡೂವರೆ ಲೀಟರಿನಷ್ಟಾದರೂ ನೀರು ಹರಿಯಬೇಕು. ಕಡಿಮೆಯಾದರೆ ಪೊರೆ ಹಿಂದೆ ಸರಿದು ಗ್ಯಾಸ್ ಮುಚ್ಚುತ್ತದೆ. ಅಂದರೆ ಗೀಸರ್ ಆರುವುದು ಅದರ ರೋಗವಲ್ಲ, ಜಾಣತನ!

ನೀರು ಕಡಿಮೆಯಾಗುವುದೇಕೆ? ಮೊದಲನೆಯದು ಟ್ಯಾಂಕಿನ ಎತ್ತರ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡ ಕೊಡುತ್ತದೆ. ಟ್ಯಾಂಕು ಗೀಸರಿಗಿಂತ ಎರಡೇ ಮೀಟರ್ ಮೇಲಿದ್ದರೆ ಸಿಗುವುದು ಅದರ ಐದನೇ ಒಂದು ಭಾಗ. ಮೇಲಂತಸ್ತಿನ ಮನೆಗಳ ತೊಂದರೆ ಇದು. ಎರಡನೆಯದು, ಅಡುಗೆಮನೆಗೂ ಬಚ್ಚಲಿಗೂ ಒಂದೇ ಅರ್ಧ ಇಂಚಿನ ಪೈಪು. ಎರಡೂ ನಲ್ಲಿ ತೆರೆದರೆ ಇದ್ದ ನೀರು ಹಂಚಿಹೋಗುತ್ತದೆ. ಮೂರನೆಯದು ಕಸ, ತುಕ್ಕು ಮತ್ತು ಸುಣ್ಣ. ಗೀಸರಿನ ಬಾಯಲ್ಲಿರುವ ಜಾಲರಿಯಲ್ಲಿ ಕಸ ಕಟ್ಟುತ್ತದೆ, ಹಳೆಯ ಜಿ.ಐ. ಪೈಪು ತುಕ್ಕು ಹಿಡಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಸುರುಳಿಯೊಳಗೆ ಅಂಟುತ್ತದೆ. 15 ಮಿ.ಮೀ. ಪೈಪಿನೊಳಗೆ ಸುತ್ತಲೂ 2 ಮಿ.ಮೀ. ಪದರ ಕಟ್ಟಿದರೆ ಉಳಿಯುವ ದಾರಿ 11 ಮಿ.ಮೀ. ವರ್ಗ ಮಾಡಿ ನೋಡಿ: 225 ಇದ್ದದ್ದು 121 ಆಯಿತು!

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ದೊಡ್ಡವರಿಂದ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿಸಿ, ಬಿಸಿನೀರಿನ ನಲ್ಲಿಯ ಕೆಳಗೆ 10 ಲೀಟರಿನ ಬಕೆಟ್ ಇಡಿ. ತುಂಬಲು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಮೊದಲು ನೀರಿನ ದಾರಿಯನ್ನು ಪರೀಕ್ಷಿಸಬೇಕು. ಅಡುಗೆಮನೆಯ ನಲ್ಲಿ ತೆರೆದು ಮತ್ತೊಮ್ಮೆ ಅಳೆಯಿರಿ. ನಮ್ಮ ಹುಡುಗಿಗೆ ಮೊದಲ ಸಲ ಮೂರು ನಿಮಿಷ, ಎರಡನೇ ಸಲ ಆರು ನಿಮಿಷ ಹಿಡಿಯಿತು. ಪ್ಲಂಬರ್ ಬಂದು ಜಾಲರಿ ತೊಳೆದು, ಟ್ಯಾಂಕಿನಿಂದ ಬಚ್ಚಲಿಗೆ ಮುಕ್ಕಾಲು ಇಂಚಿನ ಬೇರೆ ಪೈಪು ಎಳೆದರು. ಹೊಸ ಗೀಸರ್ ಬೇಕಾಗಲಿಲ್ಲ.

ಪೋಷಕರಿಗೆ ಒಂದು ಮಾತು. ಪದೇ ಪದೇ ಆರುತ್ತದೆಂದು ಆ ಪೊರೆಯ ವ್ಯವಸ್ಥೆಯನ್ನು ಯಾರಿಂದಲೂ ಕೆದಕಿಸಬೇಡಿ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಮುಚ್ಚಿದ ಬಚ್ಚಲಿನಲ್ಲಿ ಆಮ್ಲಜನಕ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ನೀರು ಕಡಿಮೆಯಾದರೆ ಉರಿ ಆರಿಸುವ ಪೊರೆಗೆ ಗಾಳಿ ಕೆಟ್ಟದ್ದು ತಿಳಿಯುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.